ಆಗಸ್ಟ್ 15ಕ್ಕೆ ವಿಜಯಪುರ: ಒಂದು ದಿನದಲ್ಲಿ ಏನು ನೋಡುವುದು, ಏನು ಬಿಡುವುದು?

ಪ್ರಶ್ನೆ (ಬೆಳಗಾವಿಯಿಂದ)

ಸ್ವಾತಂತ್ರ್ಯ ದಿನದಂದು ಮಕ್ಕಳ ಶಾಲೆಯಲ್ಲಿ ಧ್ವಜವಂದನೆ ಮುಗಿದ ಕೂಡಲೇ ಕಾರಿನಲ್ಲಿ ವಿಜಯಪುರಕ್ಕೆ ಹೊರಡಬೇಕೆಂದಿದ್ದೇವೆ. ಊರು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಮೂರಾಗಬಹುದು. ಮರುದಿನ ಊಟದ ಹೊತ್ತಿಗೆ ಹಿಂತಿರುಗಬೇಕು. ಜೊತೆಗೆ ಬರುವ ನಮ್ಮ ತಂದೆಯವರು ನಿವೃತ್ತ ಇತಿಹಾಸ ಶಿಕ್ಷಕರು, ಮೊಣಕಾಲು ನೋವಿರುವುದರಿಂದ ಹೆಚ್ಚು ಮೆಟ್ಟಿಲು ಹತ್ತಲಾರರು. ಗೋಳಗುಮ್ಮಟವನ್ನು ಹೋದ ದಿನವೇ ನೋಡಿ ಮುಗಿಸುವುದು ಸರಿಯೇ?

ಉತ್ತರ 1 (ವಿಜಯಪುರದಿಂದ)

ದಯವಿಟ್ಟು ಹಾಗೆ ಮಾಡಬೇಡಿ. ಹಬ್ಬದ ದಿನ ಮಧ್ಯಾಹ್ನ ಗುಮ್ಮಟದ ಒಳಗಿನ ಸುತ್ತುಮೊಗಸಾಲೆಯಲ್ಲಿ ನೂರಾರು ಜನ ಏಕಕಾಲಕ್ಕೆ ಸಿಳ್ಳೆ ಹೊಡೆಯುತ್ತ, ಕೂಗುತ್ತ ಇರುತ್ತಾರೆ. ಒಂದು ಚಪ್ಪಾಳೆಯನ್ನು ಹಲವು ಬಾರಿ ಮರಳಿಸುವ ಜಾಗವದು. ನೂರು ಕೂಗುಗಳನ್ನು ಮರಳಿಸಿದಾಗ ಏನಾಗುತ್ತದೆಂದು ನೀವೇ ಊಹಿಸಿ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ಕಿವಿಗೊಟ್ಟು ನಿಂತವರಿಗೆ ಕೇಳಿಸಬೇಕಾದರೆ ಮರುದಿನ ಬೆಳಿಗ್ಗೆ ಆರಕ್ಕೆ, ಬಾಗಿಲು ತೆರೆಯುವಾಗಲೇ ಹೋಗಬೇಕು. ನಡುವೆ ಒಂದೂ ಕಂಬವಿಲ್ಲದೆ, ಒಂದನ್ನೊಂದು ಹಾಯುವ ಕಮಾನುಗಳ ಮೇಲೆ ನಿಂತಿರುವ, ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟವನ್ನು ತಂದೆಯವರು ಕೆಳಗಿನಿಂದಲೇ ತಲೆಯೆತ್ತಿ ನೋಡಲಿ. ಮೂಲೆಯ ಗೋಪುರದೊಳಗಿನ ಮೆಟ್ಟಿಲುಗಳು ಇಕ್ಕಟ್ಟಾಗಿವೆ, ಕಡಿದಾಗಿವೆ.

ಬಂದ ಸಂಜೆಯನ್ನು ಇಬ್ರಾಹಿಂ ರೋಜಾಕ್ಕೆ ಕೊಡಿ. ಸರಸ್ವತಿಯನ್ನು ಸ್ತುತಿಸಿ ಹಾಡು ಕಟ್ಟಿದ, ಜನ ‘ಜಗದ್ಗುರು’ ಎಂದು ಕರೆದ ಎರಡನೆಯ ಇಬ್ರಾಹಿಂ ಆದಿಲಶಾಹನ ಸಮಾಧಿ ಅಲ್ಲಿದೆ. ಒಂದೇ ಜಗಲಿಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರಾಗಿವೆ. ಕಲ್ಲಿನ ಜಾಲಂಧ್ರಗಳಲ್ಲಿ ಅಕ್ಷರಗಳನ್ನೇ ಕೊರೆದು ಬೆಳಕಿಗೆ ದಾರಿ ಮಾಡಿದ್ದಾರೆ. ಗಾತ್ರದಲ್ಲಿ ಗೋಳಗುಮ್ಮಟ ದೊಡ್ಡದು, ಕುಸುರಿಯಲ್ಲಿ ರೋಜಾ ದೊಡ್ಡದು ಎಂಬುದು ನನ್ನ ಹಳೆಯ ವಾದ. ಅಲ್ಲಿಂದ ಮರಳುವಾಗ ಬುರುಜಿನ ಮೇಲಿನ ಮುಲ್ಕ್ ಮೈದಾನ್ ತೋಪನ್ನು ಮಕ್ಕಳಿಗೆ ತೋರಿಸಿ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಅದರ ಬಾಯಿ ಆನೆಯನ್ನು ಕಚ್ಚಿದ ಸಿಂಹದ್ದಾಗಿದೆ.

ಉತ್ತರ 2 (ಬಾಗಲಕೋಟೆಯಿಂದ)

ಮೇಲಿನ ಸಲಹೆಯನ್ನು ಒಪ್ಪುತ್ತೇನೆ. ಆದರೆ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಲೋಕಾಪುರದ ಮೇಲೆ ಬಂದರೆ ಕಲಾದಗಿ ಸಿಗುತ್ತದೆ. 1885ರವರೆಗೆ ಜಿಲ್ಲಾ ಕೇಂದ್ರ ಅದೇ ಆಗಿತ್ತು; ಬ್ರಿಟಿಷರು ಕಚೇರಿಯನ್ನು ಬಿಜಾಪುರಕ್ಕೆ ಒಯ್ದ ಮೇಲೆ ಆದಿಲಶಾಹಿಯ ಕೆಲವು ಕಟ್ಟಡಗಳೇ ಕಚೇರಿಗಳೂ ಬಂಗಲೆಗಳೂ ಆದವು. ಕಲಾದಗಿ ದಾಟಿದರೆ ತುಳಸಿಗೇರಿ. ಹೆಚ್ಚಿನವರು ಅಲ್ಲಿ ಹನುಮಪ್ಪನಿಗೆ ಕೈಮುಗಿದು ಮುಂದೆ ಹೋಗುತ್ತಾರೆ, ಆದರೆ ರಾಷ್ಟ್ರಧ್ವಜದ ಖಾದಿ ಬಟ್ಟೆಯನ್ನು ನೇಯುವ ಊರೂ ಅದೇ. ಇಲ್ಲಿ ನೇಯ್ದ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ, ಬಣ್ಣ ಹೊಂದಿ, ಚಕ್ರ ಮುದ್ರಿಸಿಕೊಂಡು ಧ್ವಜವಾಗುತ್ತದೆ. ಅಂದು ರಜೆ ಇರುವುದರಿಂದ ಮಗ್ಗದ ಸದ್ದು ಕೇಳಲಾರದು, ಆದರೂ ಬೆಳಿಗ್ಗೆಯಷ್ಟೇ ಧ್ವಜಕ್ಕೆ ವಂದಿಸಿ ಬಂದ ಮಕ್ಕಳಿಗೆ ಅದರ ನೂಲು ಎಲ್ಲಿಯದೆಂದು ಹೇಳಲು ಕಾರನ್ನು ಹತ್ತು ನಿಮಿಷ ನಿಲ್ಲಿಸಬಹುದು.

ಉತ್ತರ 3 (ವಿಜಯಪುರದಿಂದ)

ಇತಿಹಾಸ ಶಿಕ್ಷಕರಿಗೆ ಆದಿಲಶಾಹಿ ಸುಲ್ತಾನರ ಅರಮನೆಯಾಗಿದ್ದ ಗಗನ ಮಹಲನ್ನು ತಪ್ಪಿಸಬೇಡಿ. ಮೆಟ್ಟಿಲಿನ ತೊಂದರೆಯಿಲ್ಲ, ಊರ ನಡುವೆಯೇ ಇದೆ. 1686ರಲ್ಲಿ ರಾಜಧಾನಿ ಔರಂಗಜೇಬನ ಕೈಸೇರಿದಾಗ ಕೊನೆಯ ಸುಲ್ತಾನ ಸಿಕಂದರ್ ಶರಣಾದದ್ದು ಅಲ್ಲಿಯೇ ಎನ್ನುತ್ತಾರೆ. ಹತ್ತಿರದಲ್ಲೇ ಇರುವ, ಕಟ್ಟಿ ಮುಗಿಯದ ಸುಲ್ತಾನನ ಸಮಾಧಿಯಾದ ಬಾರಾ ಕಮಾನಿಗೆ ಟಾಂಗಾದಲ್ಲಿ ಹೋಗಿ. ಇನ್ನು, ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಹದಿನೈದು ತುಂಬದ ಮಕ್ಕಳಿಗೆ ಟಿಕೆಟ್ ಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ತಂದೆಯವರಿಗೆ ಓದಿ ಹೇಳಿದೆ. ತುಳಸಿಗೇರಿಯಲ್ಲಿ ಹತ್ತು ನಿಮಿಷ ಸಾಲದು, ಅರ್ಧ ಗಂಟೆಯಾದರೂ ಬೇಕು ಎಂದರು. ಮರುದಿನ ನಸುಕಿನಲ್ಲಿ ಏಳಬೇಕೆಂಬ ವಿಷಯವನ್ನು ಮಕ್ಕಳಿಗೆ ಇನ್ನೂ ತಿಳಿಸಿಲ್ಲ.