ಶ್ರುತಿ: ಸ್ಮೃತಿಯಲ್ಲಿ, ಸ್ವರಲಿಪಿಯಲ್ಲಿ, ಕೊಳಲಿನಲ್ಲಿ

ಪ್ರಶ್ನೆ: ಯಾಜ್ಞವಲ್ಕ್ಯ ಸ್ಮೃತಿಯ ಮೂರನೇ ಅಧ್ಯಾಯದ 115ನೇ ಶ್ಲೋಕದಲ್ಲಿ ‘ಶ್ರುತಿಜಾತಿವಿಶಾರದಃ’ ಎಂದಿದೆ. ಧರ್ಮಶಾಸ್ತ್ರದ ಗ್ರಂಥವಾದ್ದರಿಂದ ಇಲ್ಲಿ ಶ್ರುತಿಯನ್ನು ‘ವೇದ’ ಎಂದೇ ಕನ್ನಡಿಸಬೇಕೆ?

ಉತ್ತರ: ಬೇಡ. ಶ್ಲೋಕ ಶುರುವಾಗುವುದೇ ‘ವೀಣಾವಾದನತತ್ತ್ವಜ್ಞಃ’ ಎಂದು. ಬೆನ್ನಿಗೇ ತಾಳ ಬಲ್ಲವನೂ ಬರುತ್ತಾನೆ. ಹಾಗಾಗಿ ಇಲ್ಲಿ ಶ್ರುತಿ ಎಂದರೆ ಸಂಗೀತದ ಶ್ರುತಿ, ಸ್ವರಗಳನ್ನು ಅಳೆಯುವ ಸೂಕ್ಷ್ಮ ಅಂತರ. ‘ಜಾತಿ’ಯೂ ಇಲ್ಲಿ ಕುಲವಲ್ಲ, ಗಾನದ ಜಾತಿ. ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಇದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಲೆಕ್ಕವನ್ನೇ ಕೊಟ್ಟಿದ್ದಾನೆ: ಷಡ್ಜ, ಮಧ್ಯಮ, ಪಂಚಮಕ್ಕೆ ನಾಲ್ಕು ನಾಲ್ಕು ಶ್ರುತಿ, ರಿಷಭ, ಧೈವತಕ್ಕೆ ಮೂರು ಮೂರು, ಗಾಂಧಾರ, ನಿಷಾದಕ್ಕೆ ಎರಡೆರಡು. ಕೂಡಿದರೆ 22. ಹೌದು, ಆಸ್ತಿ ಪಾಲಿನ ವ್ಯಾಜ್ಯಗಳಲ್ಲಿ ವಕೀಲರು ಎತ್ತುವ ಅದೇ ಮಿತಾಕ್ಷರಾ!

‘ಶ್ರುತಿ, ಸ್ಮೃತಿ’ ಎಂದು ಜೋಡಿಯಾಗಿ ಬಂದಾಗ ಮಾತ್ರ ವೇದ ಎನ್ನಿ. ಅಲ್ಲಿ ಎರಡಕ್ಕೂ ವಿರೋಧ ಬಂದರೆ ಶ್ರುತಿಯ ಮಾತೇ ಮೇಲು. ಧಾತು ಎರಡು ಕಡೆಯೂ ಒಂದೇ, ‘ಶ್ರು’, ಕೇಳು.

ಸ್ವರಲಿಪಿಗೆ ಬಂದರೆ ಇನ್ನೊಂದು ಗೋಜಲು. ‘ಚತುಶ್ರುತಿ ರಿಷಭ’, ‘ಷಟ್ಶ್ರುತಿ ರಿಷಭ’ ಎಂಬಲ್ಲಿನ ನಾಲ್ಕು, ಆರನ್ನು ಹಾರ್ಮೋನಿಯಂ ಮೇಲೆ ಎಣಿಸಬಾರದು. ಷಡ್ಜದಿಂದ ಕರಿ ಬಿಳಿ ಬಿಡದೆ ನಾಲ್ಕು ಮನೆ (ಒತ್ತುವ ಕೀಲಿ) ಏರಿದರೆ ಸಿಗುವುದು ಅಂತರ ಗಾಂಧಾರ, ಆರು ಏರಿದರೆ ಪ್ರತಿಮಧ್ಯಮ. ಚತುಶ್ರುತಿ ಇರುವುದು ಎರಡನೇ ಮನೆಯಲ್ಲಿ, ಷಟ್ಶ್ರುತಿ ಮೂರನೆಯದರಲ್ಲಿ. ಪಾಠದ ಪುಸ್ತಕಗಳು ರಿ1, ರಿ2, ರಿ3 ಎಂದು ಅಚ್ಚು ಹಾಕುವುದೇ ಮೇಲು.

ಇನ್ನು ವಾದ್ಯದ ಮಾತು. ‘ಶ್ರುತಿ ಹಾಕಿ’ ಎಂದರೆ ತಂಬೂರಿಯೋ ಶ್ರುತಿಪೆಟ್ಟಿಗೆಯೋ ಹಿಡಿಯುವ ನಾದ. ‘ನಿಮ್ಮ ಶ್ರುತಿ ಎಷ್ಟು?’ ಎಂದರೆ ಆಧಾರ ಷಡ್ಜ ಯಾವ ಮನೆಯಲ್ಲಿ ಎಂದು. ‘ಶ್ರುತಿ ಸೇರಿಲ್ಲ’ ಎಂದರೆ ಬಿರಡೆ ತಿರುಗಿಸಬೇಕು, ಇಲ್ಲವೇ ಹಾಡುವವರು ಸರಿಹೋಗಬೇಕು. ಈ ಮನೆಯ ಲೆಕ್ಕದಲ್ಲಿ ಬಿಳಿಗೆ ಪೂರ್ಣ ಅಂಕಿ, ಕರಿಗೆ ಅರೆ: ಒಂದು, ಒಂದೂವರೆ, ಎರಡು, ಎರಡೂವರೆ, ಮೂರು ಆದಮೇಲೆ ನೇರ ನಾಲ್ಕು. ಮೂರಕ್ಕೂ ನಾಲ್ಕಕ್ಕೂ ನಡುವೆ ಕರಿ ಮನೆ ಇಲ್ಲ, ಹಾಗಾಗಿ ಮೂರೂವರೆ ಎಂಬುದೇ ಇಲ್ಲ.

ಸೇರಿಕೆ: ಕೊಳಲು ಕೊಳ್ಳುವವರಿಗೆ ಈ ಅಂಕಿಯಲ್ಲೇ ಮೋಸವಾಗುತ್ತದೆ. ಕರ್ನಾಟಕ ಪದ್ಧತಿಯಲ್ಲಿ ಮೇಲಿನ ಎರಡು ರಂಧ್ರ ಮುಚ್ಚಿದರೆ ಷಡ್ಜ, ಹಿಂದುಸ್ತಾನಿಯಲ್ಲಿ ಮೂರು ಮುಚ್ಚಿದರೆ. ಹಾಗಾಗಿ ಹಿಂದುಸ್ತಾನಿಯವರ ಮೂರರ ಬಾನ್ಸುರಿಯನ್ನು ನಮ್ಮ ಬೆರಳಿನಲ್ಲಿ ಊದಿದರೆ ಷಡ್ಜ ನಾಲ್ಕೂವರೆಗೆ ನಿಲ್ಲುತ್ತದೆ. ಅಂಗಡಿಯಲ್ಲಿ ಬರೀ ‘ಮೂರು ಶ್ರುತಿ ಕೊಡಿ’ ಎನ್ನದೆ ಯಾವ ಪದ್ಧತಿಯ ಮೂರು ಎಂದೂ ಹೇಳಿ, ಕೊಳ್ಳುವ ಮುಂಚೆ ಷಡ್ಜ ಊದಿಸಿ ಶ್ರುತಿಪೆಟ್ಟಿಗೆಯ ಜೊತೆ ಹಿಡಿದು ನೋಡಿ.