ಸಾಟೂತ್ ಸ್ಟಾರ್ ಬ್ಲಾಕ್: ಮೊನೆ ಉಳಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಹೊಸಸೂಜಿ (ಬೆಂಗಳೂರು): ಒಹಾಯೊದಲ್ಲಿರೋ ನಾದಿನಿ ಮಗುವಿಗೆ 36×48 ಇಂಚಿನ ಕ್ವಿಲ್ಟ್ (ತುಂಡುಬಟ್ಟೆ ಜೋಡಿಸಿದ ಹೊದಿಕೆ) ಹೊಲೀತಿದ್ದೀನಿ. 12 ಇಂಚಿನ ಸಾಟೂತ್ ಸ್ಟಾರ್ (ನಡುವೆ ದೊಡ್ಡ ಚೌಕ, ಸುತ್ತ ಎಂಟು ಮೊನೆ, ಮೂಲೆಗಳಲ್ಲಿ ಚಿಕ್ಕ ಚೌಕ), ಒಟ್ಟು 12 ಬ್ಲಾಕ್. ಹೊಲಿಗೆಗೆ ಅಂಚಲ್ಲಿ ಬಿಡೋ ಕಾಲಿಂಚು ಮಾರ್ಜಿನ್ ಸೇರಿ ಬ್ಲಾಕ್ 12½ ಇರಬೇಕು, 12¼ ಬರ್ತಿದೆ. ನಕ್ಷತ್ರದ ಮೊನೆಗಳೂ ಹೊಲಿಗೆಯೊಳಗೆ ಹೋಗಿ ಮೊಂಡಾಗ್ತಿವೆ. ಈಗ ಕತ್ತರೀಲೇ ಕತ್ತರಿಸೋದು. ಚಕ್ರದ ಬ್ಲೇಡಿನ ರೋಟರಿ ಕಟರ್ ತಗೊಂಡ್ರೆ ಸರಿಹೋಗುತ್ತಾ?

ಗಜಕಡ್ಡಿ: ಫ್ಲೈಯಿಂಗ್ ಗೀಸ್ ಅಂದ್ರೆ ನಕ್ಷತ್ರದ ಎರಡೆರಡು ಮೊನೆ ಇರೋ ಆಯತ. ಬ್ಲಾಕಿನ ಆ ನಾಲ್ಕನ್ನೂ ಒಟ್ಟಿಗೆ ಮಾಡೋ ವಿಧಾನ ಬಿಟ್ಟು ಬೇರೆ ಯಾವುದಕ್ಕೂ ನಾನು ಕೈ ಹಾಕಲ್ಲ. ಹಿನ್ನೆಲೆ ಬಟ್ಟೆಯ 7¼ ಚೌಕ ಒಂದು, ನಕ್ಷತ್ರದ ಬಟ್ಟೆಯ 3⅞ ಚೌಕ ನಾಲ್ಕು. ದೊಡ್ಡ ಚೌಕದ ಎದುರುಬದುರು ಮೂಲೆಗೆ ಎರಡು ಚಿಕ್ಕವನ್ನ ಮಗುಚಿ ಇಡಿ, ನಡುವೆ ಒಂದರ ಮೇಲೊಂದು ಸ್ವಲ್ಪ ಹತ್ತುತ್ತೆ, ಹತ್ತಲಿ. ಕರ್ಣದಲ್ಲಿ ಗೆರೆ, ಗೆರೆಯ ಎರಡೂ ಕಡೆ ಕಾಲಿಂಚು ಬಿಟ್ಟು ಹೊಲಿಗೆ, ಗೆರೆ ಮೇಲೆ ಕತ್ತರಿಸಿ ಇಸ್ತ್ರಿ. ಸಿಕ್ಕ ಎರಡು ತುಂಡಿನ ಉಳಿದ ಮೂಲೆಗೆ ತಲಾ ಒಂದು ಚಿಕ್ಕ ಚೌಕ, ಮತ್ತೆ ಅದೇ ಕೆಲಸ. ನಾಲ್ಕು ಗೀಸ್ ಕೈಗೆ ಬರುತ್ತೆ, ಒಂದು ಚಿಂದಿಯೂ ದಂಡ ಆಗಲ್ಲ.

12 ಬ್ಲಾಕಿಗೆ ಲೆಕ್ಕ: 42 ಇಂಚು ಉಪಯೋಗಕ್ಕೆ ಬರೋ ಪನ್ನದಲ್ಲಿ ಹಿನ್ನೆಲೆಗೆ 1¼ ಗಜ, ನಕ್ಷತ್ರಕ್ಕೆ 1 ಗಜ. ಇಲ್ಲಿ ನ್ಯೂಜೆರ್ಸಿಯಲ್ಲಿ ನಾನು ತರೋ ಬಟ್ಟೆ ಗಜಕ್ಕೆ 13 ಡಾಲರ್. ತೆರಿಗೆ ಬೇರೆ. ಮೂಲೆಗೆ ಚೌಕ ಇಟ್ಟು ಹೊಲಿದು ಕತ್ತರಿಸಿ ಬಿಸಾಡೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಚಿಂದಿಡಬ್ಬಿ: ಬಿಸಾಡೋರು ನಾವೇ! ಈ ಹೊಟ್ಟೆ ಉರಿಗೆ ಲೆಕ್ಕ ಹಾಕೋಣ. 3½×6½ ಆಯತದ ಮೂಲೆಗೆ 3½ ಚೌಕ ಇಟ್ಟು ಕರ್ಣದಲ್ಲಿ ಹೊಲಿದರೆ 12 ಬ್ಲಾಕಿಗೆ ಆಯತ 48, ಚೌಕ 96. ಹೆಚ್ಚಿಗೆ ಹೋಗೋದು ಎರಡೂ ಬಣ್ಣ ಸೇರಿ ಸುಮಾರು ಅರ್ಧ ಗಜ. ಆರೂವರೆ ಡಾಲರ್ ರೀ. ಬೆಂಗಳೂರಲ್ಲಿ ಮೀಟರ್‌ಗೆ ನೂರಿಪ್ಪತ್ತು ರೂಪಾಯಿಯ ಕೇಂಬ್ರಿಕ್ ಆದ್ರೆ ಸುಮಾರು ಐವತ್ತೈದು ರೂಪಾಯಿ. ಅದಕ್ಕೆ ಪ್ರತಿಯಾಗಿ ಕಾಲು, ಅರ್ಧ ಇಂಚಿನ ಸರಳ ಅಳತೆ ಸಿಗುತ್ತೆ. ಕತ್ತರೀಲಿ 3⅞ ನೆಟ್ಟಗೆ ಕತ್ತರಿಸೋರು ಯಾರು? ಕರ್ಣದ ಹೊಲಿಗೆಯಿಂದ ಅರ್ಧ ಇಂಚು ಹೊರಗೆ ಇನ್ನೊಂದು ಹೊಲಿಗೆ ಹಾಕಿ ನಡುವೆ ಕತ್ತರಿಸಿದ್ರೆ, ‘ದಂಡ’ ಅನ್ನೋ ತುಂಡೇ 2½ ಇಂಚಿಗೆ ಟ್ರಿಮ್ ಮಾಡೋ ಎರಡು ಬಣ್ಣದ ಚೌಕ ಆಗುತ್ತೆ. 96 ಚೌಕ ಬಿಟ್ಟಿ.

ಹೊಲಿಗೆ ಕರ್ಣದ ಗೆರೆ ಮೇಲೆ ಬೇಡ, ಒಂದು ನೂಲೆಳೆಯಷ್ಟು ಮೂಲೆ ಕಡೆಗೆ ಇರಲಿ. ಮಗುಚಿದಾಗ ಬಟ್ಟೆಯ ದಪ್ಪ ಅಷ್ಟನ್ನ ತಿನ್ನುತ್ತೆ. ಗೆರೆ ಮೇಲೇ ಹೊಲಿದ್ರೆ ಮೂಲೆ ಅಂಚಿಗೆ ಮುಟ್ಟಲ್ಲ.

ಗಜಕಡ್ಡಿ: 96 ಬಿಟ್ಟಿ ಚೌಕ ಯಾರ ಡಬ್ಬೀಲಿ ಕೊಳೀತಿವೆ ಅಂತ ನಿಮ್ಮ ಹೆಸರೇ ಹೇಳುತ್ತೆ. 3⅞ ಕಷ್ಟ ಆದ್ರೆ 4 ಇಂಚಿಗೆ ಕತ್ತರಿಸಿ, ದೊಡ್ಡದನ್ನ 7½ ಮಾಡಿ, ಕೊನೆಗೆ 3½×6½ಕ್ಕೆ ಟ್ರಿಮ್ ಮಾಡಿ. ಮೊನೆಯ ಮೇಲೆ ಕಾಲಿಂಚು ಬಟ್ಟೆ ಉಳೀಲೇಬೇಕು. ಅದಿಲ್ಲದಿದ್ರೆ ಮೊನೆ ಹೋಯ್ತು ಅಂತಲೇ ಅರ್ಥ.

ಎಂಟುಮೊನೆ (ಮಿನೆಸೊಟಾ): ನೀವೆಲ್ಲ ಚೌಕದ ನಕ್ಷತ್ರಕ್ಕೇ ಇಷ್ಟು ಜಗಳ ಆಡ್ತೀರ. ಲೋನ್ ಸ್ಟಾರ್ ಹೊಲೀರಿ ಗೊತ್ತಾಗುತ್ತೆ. ಎಂಟು ವಜ್ರಾಕೃತಿ, ತಲಾ 45 ಡಿಗ್ರಿ. ಪಟ್ಟಿಗಳನ್ನ ಮೆಟ್ಟಿಲ ಹಾಗೆ ಜೋಡಿಸಿ 45 ಡಿಗ್ರಿಗೆ ಕತ್ತರಿಸಿದ್ರೆ, ಕತ್ತರಿಸಿದ ಅಂಚೆಲ್ಲಾ ಓರೆ ಎಳೆ. ಕೈಯಲ್ಲಿ ಹಿಡಿದ್ರೇ ಹಿಗ್ಗುತ್ತೆ. ಎಂಟೂ ಸ್ವಲ್ಪ ಸ್ವಲ್ಪ ಹಿಗ್ಗಿದ್ರೆ ನಡು ಉಬ್ಬಿ ನಿಲ್ಲುತ್ತೆ, ಯಾವ ಇಸ್ತ್ರಿಗೂ ಕೂರಲ್ಲ. ಹಿನ್ನೆಲೆಯ ಚೌಕ, ಮುಕ್ಕೋನ ಕೂರಿಸುವಾಗ ಅಂಚಿಗೆ ಕಾಲಿಂಚು ಮೊದಲೇ ನಿಲ್ಲಿಸಿ ಎರಡು ಹೊಲಿಗೆ ಹಿಂದಕ್ಕೆ ಹಾಕಿ ಬಿಗಿ ಮಾಡಬೇಕು. ಒಂದು ಹೊಲಿಗೆ ದಾಟಿದ್ರೂ ಅಲ್ಲಿ ಸುಕ್ಕು. ಅಮೆರಿಕದ ಮೂಲನಿವಾಸಿ ಲಕೋಟ ಹೆಂಗಸರು ಹೊಲಿಯೋದು ಇದೇ ನಕ್ಷತ್ರ. ಹುಟ್ಟಿದ್ರೂ ಸತ್ರೂ ಗೌರವಕ್ಕೆ ಹೊದಿಸ್ತಾರೆ. ಮಗುವಿಗೆ ಕೊಡೋದಾದ್ರೆ ಅದನ್ನ ಕೊಡಿ.

ಚಿಂದಿಡಬ್ಬಿ: ಸಾಟೂತ್ ಮೊನೆ ಕೂರ್ತಿಲ್ಲ ಅಂದವರಿಗೆ ಲೋನ್ ಸ್ಟಾರ್ ಹೇಳ್ತಿದ್ದಾರಲ್ಲ, ಭಲೇ.

ಕೌದಿಕಮಲಿ (ಧಾರವಾಡ): 12 ಬ್ಲಾಕಿಗೆ 204 ತುಂಡು ಕತ್ತರಿಸಿ, ಮತ್ತ ಅವನ್ನ ಹೊಲಿದು ಚೌಕ ಮಾಡೂದು ಯಾವ ಪುರುಷಾರ್ಥಕ್ಕ ರೀ? ನಮ್ಮ ಕೌದಿಗೆ ಕಾಲಿಂಚಿನ ಕಾಟ ಇಲ್ಲ. ಹಳೇ ಸೀರಿ ಪದರ ಹಾಸಿ, ತುಂಡಿನ ಅಂಚು ಮಡಚಿ ಮ್ಯಾಲಿಟ್ಟು, ಎಲ್ಲಾ ಪದರ ಹಿಡದು ಸಾದಾ ಹೊಲಿಗಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಹೆಣ್ಮಕ್ಕಳು ಅಂಚಿನಿಂದ ಸುರು ಮಾಡಿ ನಡುವಿಗೆ ಬರ್ತಾರ, ಮೂಲ್ಯಾಗ ಮಡಚಿದ ಮುಕ್ಕೋನದ ಹೂ ಇಡ್ತಾರ. ಹಳೇ ಬಟ್ಟಿ ಮೊದಲೇ ಕುಗ್ಗಿರತೈತಿ, ಬಿಡೂ ಬಣ್ಣೆಲ್ಲಾ ಬಿಟ್ಟಿರತೈತಿ. ನಿಮಗ ಹೊಸ ಬಟ್ಟಿ ತೊಳೀಬೇಕೋ ಬ್ಯಾಡೋ ಅನ್ನೂ ಜಗಳ ಇನ್ನೂ ಬರೂದೈತಿ, ನೋಡ್ರಿ.

ಗಜಕಡ್ಡಿ: ಕೌದಿ ಬಗ್ಗೆ ಗೌರವ ಇದೆ, ಆದ್ರೆ ಕೇಳಿದ್ದು ಅದಲ್ಲ. ತೊಳೆಯೋದಂತೂ ಬೇಡ, ಗಂಜಿ ಹೋಗಿ ಬಟ್ಟೆ ಜೋಲುತ್ತೆ.

ಬಣ್ಣಗಾರ: ತೊಳೆಯೋದು ಬೇಡವಂತೆ! ಕೆಂಪು ಅಜ್ರಕ್, ನೀಲಿ ಬ್ಲಾಕ್ ಪ್ರಿಂಟ್ ಬಟ್ಟೆ ಬಿಳಿ ಪಕ್ಕ ಹೊಲಿದು, ಮಗು ವಾಂತಿ ಮಾಡಿದ ದಿನ ವಾಷಿಂಗ್ ಮಿಷನ್‌ಗೆ ಹಾಕಿದ್ರೆ ಇಡೀ ಕ್ವಿಲ್ಟ್ ಗುಲಾಬಿ. ಒದ್ದೆ ಬಿಳಿ ಬಟ್ಟೆ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಕಲೆ ಹತ್ತಿದ್ರೆ ನೀರು ತಿಳಿಯಾಗೋವರೆಗೆ ತೊಳೀರಿ. ಉಪ್ಪುನೀರಲ್ಲಿ ನೆನೆಸಿ ಅಂತ ಯಾರಾದ್ರೂ ಹೇಳೋಕೆ ಮುಂಚೆ: ಉಪ್ಪು ಬಣ್ಣದ ತೊಟ್ಟಿಯಲ್ಲಿ ಕೆಲಸ ಮಾಡುತ್ತೆ, ಮುಗಿದ ಬಟ್ಟೆಯಿಂದ ಬಿಡೋ ಬಣ್ಣವನ್ನ ಹಿಡಿಯಲ್ಲ.

ಎಂಟುಮೊನೆ: ನಮ್ಮಮ್ಮ ಉಪ್ಪು ಹಾಕೇ ಇಳಕಲ್ ಸೀರೆ ಕಾಪಾಡಿದ್ದು.

ಬಣ್ಣಗಾರ: ಅಮ್ಮನನ್ನ ಮಧ್ಯೆ ತರಬೇಡಿ.

ಬಾಬಿನ್: ಕೇಳಿದವರ ಅಳತೆ ಯಾರಾದ್ರೂ ಓದಿದ್ರಾ? ಬ್ಲಾಕಿನ ಸಾಲಿಗೆ ಮೂರು ತುಂಡು, ಎರಡೇ ಜೋಡಣೆ. ಕಾಲಿಂಚು ಕಡಿಮೆ ಅಂದ್ರೆ ಪ್ರತಿ ಜೋಡಣೆ ⅛ ಹೆಚ್ಚಿಗೆ ತಿಂತಿದೆ, ತುಂಡಿಗೆ 1/16. ತುಂಡೆಲ್ಲಾ ಸರಿ ಅಳತೆಗೆ ಕತ್ತರಿಸಿದ್ರೆ ಇದು ಕತ್ತರಿ ದೋಷ ಅಲ್ಲ, ಮಾರ್ಜಿನ್ ದೋಷ. ಮನೆ ಮಿಷನ್ನಿನಲ್ಲಿ ಬಟ್ಟೆ ಒತ್ತಿಹಿಡಿಯೋ ಜಿಗ್‌ಜಾಗ್ ಪಾದ ಸೂಜಿಯಿಂದ ಅಂಚಿಗೆ ಸಾಮಾನ್ಯವಾಗಿ ಕಾಲಿಂಚಿಗಿಂತ ಅಗಲ. ಅದರ ಅಂಚನ್ನ ನಂಬಿ ಹೊಲಿದ್ರೆ ಹೀಗೇ ಆಗೋದು. ಗ್ರಾಫ್ ಹಾಳೆಯಲ್ಲಿ ಅಂಚಿಂದ ಕಾಲಿಂಚಿಗೆ ಗೆರೆ ಎಳೆದು ಅದರ ಮೇಲೆ ಸೂಜಿ ಇಳಿಸಿ, ಹಾಳೆಯ ಅಂಚಿಗೆ ತಾಗಿಸಿ ಮಿಷನ್ ಮೇಲೆ ಹಳೇ ವಿಸಿಟಿಂಗ್ ಕಾರ್ಡ್ ನಾಲ್ಕೈದು ಪದರ ಅಂಟಿಸಿ. ಆಮೇಲೆ 1½ ಇಂಚಿನ ಮೂರು ಪಟ್ಟಿ ಹೊಲಿದು ಇಸ್ತ್ರಿ ಮಾಡಿ. ನಡುವಿನದು ಸರಿಯಾಗಿ 1 ಇಂಚು ಕಾಣಬೇಕು. ಕಮ್ಮಿ ಇದ್ರೆ ಕಾರ್ಡ್‌ಗಳನ್ನ ಸೂಜಿ ಕಡೆ ಕೂದಲೆಳೆಯಷ್ಟು ಸರಿಸಿ.

ಗೀಸನ್ನ ನಡುವಿನ ಚೌಕಕ್ಕೆ ಜೋಡಿಸುವಾಗ ಗೀಸ್ ಮೇಲಿರಲಿ. ಹಿಂಬದಿ ಎರಡು ಹೊಲಿಗೆ ಕೂಡೋ ಜಾಗ ಗುಣಾಕಾರ ಚಿಹ್ನೆಯಂತೆ ಕಾಣುತ್ತೆ. ಸೂಜಿ ಅದರಿಂದ ಒಂದೆಳೆ ಅಂಚಿನ ಕಡೆ ಹೋಗಲಿ. ಹಿಂಬದಿಯ ಮಾರ್ಜಿನ್ನನ್ನ ಚೌಕದ ಕಡೆಗೆ ಒತ್ತಿ. ಹೊಲಿಗೆ ಉದ್ದ 2 ಮಿ.ಮೀ., ಸೂಜಿ 80, ನೂಲು 50ರ ಹತ್ತಿ. ಕಟರ್, ಮ್ಯಾಟ್, 6×24 ಸ್ಕೇಲಿಗೆ ನಾನು ಕೊಟ್ಟಿದ್ದು ₹4,200. ಒಳ್ಳೇದೇ, ಆದ್ರೆ ನಿಮ್ಮ ಕಾಲಿಂಚನ್ನ ಅದು ವಾಪಸ್ ಕೊಡಲ್ಲ.

ಚಿಂದಿಡಬ್ಬಿ: ಚೌಕದ ಕಡೆ ಯಾಕೆ? ಮಾರ್ಜಿನ್ ಎರಡೂ ಕಡೆಗೆ ಬಿಡಿಸಿ ಒತ್ತಿದ್ರೆ ಚಪ್ಪಟೆ ಕೂರುತ್ತೆ.

ಬಾಬಿನ್: ಕೂರುತ್ತೆ, ಆಮೇಲೆ ಆ ಸಂದಿಯಿಂದ ವಾಡಿಂಗ್ (ಕ್ವಿಲ್ಟ್ ಒಳಗೆ ತುಂಬೋ ಪದರ) ಎಳೆ ಹೊರಗೆ ಇಣುಕುತ್ತೆ. ಪಾಲಿಯೆಸ್ಟರ್ ಆದ್ರೆ ಇನ್ನೂ ಜಾಸ್ತಿ.

ಗಜಕಡ್ಡಿ: ಒಂದು ಕಡೆಗೋ ಬಿಡಿಸಿಯೋ, ಕತ್ತರಿಸೋಕೆ ಮುಂಚೆ ದಪ್ಪ ಗಂಜಿ ಹಾಕಿ. ಹಬೆ ಬೇಡ, ಉಜ್ಜೋದೂ ಬೇಡ, ಇಸ್ತ್ರಿ ಎತ್ತಿ ಎತ್ತಿ ಇಡಿ.

ಬಣ್ಣಗಾರ: ಗಂಜಿ ಹಾಕಿದ ಬ್ಲಾಕನ್ನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮಡಿಸಿಟ್ರೆ ಜಿರಲೆ ಹಬ್ಬ ಮಾಡುತ್ತೆ. ಹೊಲಿದು ಮುಗಿದ ಮೇಲೆ ತೊಳೆದೇ ಪಾರ್ಸೆಲ್ ಮಾಡಿ. ನೋಡಿ ಗಜಕಡ್ಡಿಯವರೇ, ಕೊನೆಗೆ ತೊಳೀಲೇಬೇಕಾಯ್ತು.