‘ಫ್ಲಾಟ್’ ಅಂದರೆ ಎಲ್ಲ ಕಡೆಯೂ ‘ಚಪ್ಪಟೆ’ಯೇ?

ಪ್ರಶ್ನೆ: ಮನೆ ಕಟ್ಟಿಸುವವರಿಗಾಗಿ ಬರೆದ ಇಂಗ್ಲಿಷ್ ಕೈಪಿಡಿಯೊಂದು ಕನ್ನಡಕ್ಕೆ ಬರಬೇಕಿದೆ. ಅದರಲ್ಲಿ ‘ಫ್ಲಾಟ್’ ಪುಟಕ್ಕೆರಡು ಸಲ ಸಿಗುತ್ತದೆ: ಫ್ಲಾಟ್ ಸೈಟು, ಫ್ಲಾಟ್ ಛಾವಣಿ, ಫ್ಲಾಟ್ ಕಲ್ಲು, ನೆಲ ಫ್ಲಾಟ್ ಆಗಿರಬೇಕು, ಹೀಗೆ. ನಿಘಂಟು ಚಪ್ಪಟೆ, ಸಮತಟ್ಟು, ಮಟ್ಟಸ, ಸಪಾಟು ಎಂದು ಸಾಲಾಗಿ ಕೊಟ್ಟು ಕೈತೊಳೆದುಕೊಂಡಿದೆ. ‘ಚಪ್ಪಟೆ ಸೈಟು’ ಕಿವಿಗೆ ಒಗ್ಗುವುದಿಲ್ಲ, ಯಾಕೆ ತಪ್ಪು ಎಂದು ಹೇಳಲೂ ಬರುವುದಿಲ್ಲ. ಯಾವುದನ್ನು ಎಲ್ಲಿ ಬಳಸಬೇಕು, ತಿಳಿದವರು ಹೇಳುತ್ತೀರಾ?

ಉತ್ತರ: ಈ ನಾಲ್ಕರ ಅರ್ಥ ಹುಡುಕುವುದಕ್ಕಿಂತ ಒಂದೊಂದರ ಎದುರುಪದ ಹುಡುಕಿ ನೋಡಿ. ಗೋಜಲು ಅರ್ಧ ಬಿಡುತ್ತದೆ.

ಚಪ್ಪಟೆಯ ಎದುರು ಗುಂಡು. ಅದು ವಸ್ತುವಿನ ಆಕಾರಕ್ಕೆ ಹೇಳುವ ಮಾತು: ದಪ್ಪ ಕಡಿಮೆ, ಅಗಲ ಹೆಚ್ಚು, ಒತ್ತಿದಂತೆ ಅಥವಾ ಜಜ್ಜಿದಂತೆ ಕಾಣಬೇಕು. ಚಪ್ಪಟೆ ಮೂಗು, ಚಪ್ಪಟೆ ಪಾದ, ಲಾರಿಯಡಿ ಸಿಕ್ಕಿ ಚಪ್ಪಟೆಯಾದ ಡಬ್ಬಿ. ಭತ್ತ ನೆನೆಸಿ ಹುರಿದು ಕುಟ್ಟಿದಾಗ ಗುಂಡಗಿದ್ದ ಅಕ್ಕಿ ಚಪ್ಪಟೆಯಾಗಿ ಅವಲಕ್ಕಿ ಆಗುತ್ತದೆ. ಅಲ್ಲಿ ‘ಸಮತಟ್ಟಾಯಿತು’ ಎಂದರೆ ನಗುತ್ತಾರೆ. ಸಮತಟ್ಟಿನ ಎದುರು ಏರುತಗ್ಗು, ಹಳ್ಳದಿಣ್ಣೆ. ಅದು ನೆಲದ ಮಾತು.

ಎರಡರ ನಡುವಿನ ಗೆರೆ ತಿಳಿಯಬೇಕಾದರೆ ಭೂಮಿ ಎಂಬ ಒಂದೇ ಪದ ಸಾಕು. ‘ಭೂಮಿ ಚಪ್ಪಟೆಯಾಗಿದೆ’ ಎಂದರೆ ಗ್ರಹದ ಆಕಾರ; ‘ಭೂಮಿ ಸಮತಟ್ಟಾಗಿದೆ’ ಎಂದರೆ ಯಾರದೋ ಎರಡೆಕರೆ ಹೊಲ. ಧ್ರುವಗಳಲ್ಲಿ ಭೂಮಿ ‘ಕೊಂಚ ಚಪ್ಪಟೆ’ ಎಂಬ ಪಾಠಪುಸ್ತಕದ ಮಾತು ಸರಿಯಾಗಿಯೇ ಇದೆ. ಸಮಭಾಜಕದಲ್ಲಿ ವ್ಯಾಸ ಸುಮಾರು 12,756 ಕಿ.ಮೀ., ಧ್ರುವದಿಂದ ಧ್ರುವಕ್ಕೆ 12,714. ಗುಂಡಗಿರುವುದನ್ನು ಮೇಲೂ ಕೆಳಗೂ ಒತ್ತಿದ ಲೆಕ್ಕ. ಹಾಗಾಗಿ ನಿಮ್ಮ ಸೈಟು ಸಮತಟ್ಟು, ಬಣ್ಣ ಬಳಿಯುವ ಬ್ರಷ್ಷಾದರೆ ಚಪ್ಪಟೆ.

ಇನ್ನು ಮಟ್ಟ (ಮಟ್ಟಸವೂ ಅದೇ) ಮತ್ತು ಸಪಾಟು. ಪುಸ್ತಕದಲ್ಲಿ ಇವೆರಡನ್ನು ಬೆರೆಸಿದರೆ ನಷ್ಟ ಓದುಗರ ಜೇಬಿಗೆ. ಸಪಾಟಿನ ಎದುರು ಉಬ್ಬುತಗ್ಗು. ಮೈ ನುಣ್ಣಗೆ ಒಂದೇ ಸಮ ಇದ್ದರೆ ಸಪಾಟು, ಅದು ಓರೆಯಾಗಿದ್ದರೂ ಅಡ್ಡಿಯಿಲ್ಲ. ಗೋಡೆಯೂ ಸಪಾಟಾಗಿರಬಹುದು. ಮಟ್ಟದ ಎದುರು ಓರೆ, ವಾಟ (ನೀರು ಹರಿಯಲೆಂದು ಕೊಡುವ ಇಳಿಜಾರು). ನಿಂತ ನೀರಿನ ಮೈ ಹೇಗಿರುತ್ತದೋ ಹಾಗಿದ್ದರೆ ಮಟ್ಟ. ಗಾರೆಯವರು ಎರಡನ್ನೂ ಬೇರೆ ಬೇರೆ ಸಾಮಾನಿನಲ್ಲಿ ನೋಡುತ್ತಾರೆ. ಸಪಾಟು ನೋಡಲು ಆರಡಿಯ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಮೈಮೇಲಿಟ್ಟು ಅಡಿಯಲ್ಲಿ ಬೆಳಕು ತೂರುತ್ತದೆಯೇ ಎಂದು ಬಗ್ಗಿ ನೋಡಿದರಾಯಿತು. ಮಟ್ಟಕ್ಕೆ ರಸಮಟ್ಟ (ಸ್ಪಿರಿಟ್ ಲೆವೆಲ್) ಬೇಕು, ದೂರವಿದ್ದರೆ ನೀರು ತುಂಬಿದ ಪಾರದರ್ಶಕ ಪೈಪು. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಗುರುತು ಸುಳ್ಳು ಹೇಳುತ್ತದೆ. ಆದ್ದರಿಂದ ಮೊದಲು ಎರಡೂ ತುದಿಯನ್ನು ಒಟ್ಟಿಗೆ ಹಿಡಿದು ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆಯೇ ಎಂದು ನೋಡಿಯೇ ಹೊರಡಬೇಕು, ನೀರು ಚೆಲ್ಲದಂತೆ ತುದಿಗೆ ಒತ್ತಿದ ಹೆಬ್ಬೆರಳನ್ನು ಗುರುತು ಹಾಕುವಾಗ ತೆಗೆದಿರಬೇಕು.

ಈಗ ನಿಮ್ಮ ‘ಫ್ಲಾಟ್ ಛಾವಣಿ’. ಅದಕ್ಕೆ ಆಗಲೇ ಹೆಸರಿದೆ: ತಾರಸಿ. ಬಳ್ಳಾರಿ, ರಾಯಚೂರಿನ ಕಡೆ ಸವಳು ಮಣ್ಣು ಹೊದಿಸಿದ್ದಾದರೆ ಮಾಳಿಗೆ. (ಅದೇ ಮಾಳಿಗೆ ಮಂಗಳೂರಿನ ಕಡೆಗೆ ಬಂದರೆ ಮೇಲಂತಸ್ತು, ಎಚ್ಚರ.) ದಯವಿಟ್ಟು ‘ಮಟ್ಟಸವಾದ ಛಾವಣಿ’ ಎಂದು ಬರೆಯಬೇಡಿ. ಓದಿದವರು ಮಟ್ಟವಾಗಿಯೇ ಹಾಕಿಸಿಯಾರು. ಮಳೆನೀರು ಕೊಳವೆಯ ಕಡೆ ಓಡದೆ ನಿಲ್ಲುತ್ತದೆ, ಆಮೇಲೆ ಒಳಮಾಡಿನಲ್ಲಿ ತೇವದ ಕಲೆ. ತಾರಸಿ ಸಪಾಟಾಗಿರಬೇಕು, ಮಟ್ಟವಾಗಿರಬಾರದು. ನೂರಕ್ಕೆ ಒಂದು ವಾಟ ಎಂದರೆ ಹತ್ತಡಿಗೆ ಒಂದೂಕಾಲು ಇಂಚಿಗಿಂತ ತುಸು ಕಡಿಮೆ, ಕಣ್ಣಿಗೆ ಕಾಣದಷ್ಟು. ಬಚ್ಚಲ ನೆಲಕ್ಕೂ ಇದೇ ಮಾತು. ಕೋಣೆಯ ನೆಲವಾದರೆ ಎರಡೂ ಬೇಕು, ‘ಮಟ್ಟವಾಗಿ, ಸಪಾಟಾಗಿ’ ಎಂದೇ ಬರೆಯಿರಿ.

ಫ್ಲಾಟ್ ಕಲ್ಲಿಗೆ ಪದಗಳು ಧಾರಾಳ. ಕೋಲಾರದ ಕಡೆ ಬಂಡೆಯಿಂದ ಸೀಳಿ ತೆಗೆದದ್ದು ಚಪ್ಪಡಿ. ಕಲಬುರಗಿ ಸೀಮೆಯ ಶಹಾಬಾದ್ ಸುಣ್ಣಕಲ್ಲು ಪದರಪದರವಾಗಿಯೇ ಏಳುತ್ತದೆ, ಅದು ಫರಸಿ. ನೆಲಕ್ಕೆ ಹಾಸಿದರೆ ಹಾಸುಗಲ್ಲು. ನೆಲದಲ್ಲೇ ಮೈಚಾಚಿ ಮಲಗಿರುವುದು ಹಾಸುಬಂಡೆ, ರಾಗಿ ಒಣಹಾಕುವುದು ಅದರ ಮೇಲೆ.

ಇನ್ನೊಬ್ಬರು, ಕರಾವಳಿ ಕಡೆಯಿಂದ: ಮೇಲಿನವರು ಹೇಳಿದ್ದು ಸರಿ, ಆದರೆ ‘ಬಯಲು’ ಬಿಟ್ಟರು. ಬಯಲೆಂದರೆ ಸಮತಟ್ಟು ಎಂದು ಹಲವರು ತಿಳಿಯುತ್ತಾರೆ. ಬಯಲಿನ ಎದುರು ಮರೆ. ತೆರೆದಿರುವುದೇ ಅದರ ಜೀವ. ಗುಟ್ಟು ಬಯಲಾಗುವುದು ಸಮತಟ್ಟಾಗಿ ಅಲ್ಲವಷ್ಟೆ. ಚಿತ್ರದುರ್ಗದ ಬೆಟ್ಟಸಾಲು ನಿಂತಿರುವುದೂ ಬಯಲುಸೀಮೆಯಲ್ಲೇ. ನಮ್ಮಲ್ಲಿ ಅದೇ ಪದ ಬೈಲಾಗಿ ಇಳಿದು ಕೂತಿದೆ: ಗದ್ದೆಗಳಲ್ಲಿ ಎತ್ತರದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು. ಮೂರೂ ಮಟ್ಟವಾಗಿಯೇ ಇರಬೇಕು. ನಾಟಿಗೆ ಮುಂಚೆ ಕೆಸರಿನ ಮೇಲೆ ಹಲಗೆ ಎಳೆಯುವುದು ಅದಕ್ಕೇ. ಉಬ್ಬು ಉಳಿದಲ್ಲಿ ನೀರು ಬಿಟ್ಟು ಕಳೆ ಏಳುತ್ತದೆ, ಗುಂಡಿ ಉಳಿದಲ್ಲಿ ನೇಜಿ (ಭತ್ತದ ಸಸಿ) ಮುಳುಗಿ ಕೊಳೆಯುತ್ತದೆ. ಅಲ್ಲಿ ರಸಮಟ್ಟ ಬೇಡ, ನಿಂತ ನೀರೇ ಹೇಳುತ್ತದೆ.

ಮುರಕಲ್ಲಿನ (ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡದ ನೆತ್ತಿ ಅಗಲವಾಗಿ ಹರಡಿಕೊಂಡಿದ್ದರೆ ಅದಕ್ಕೆ ‘ಪದವು’ ಎನ್ನುತ್ತೇವೆ, ತುಳುವಿನಲ್ಲೂ ಅದೇ. ಮಂಗಳೂರಿನ ಪದವಿನಂಗಡಿ ಹೆಸರಿನಲ್ಲಿ ಇರುವುದೂ ಅದೇ. ಗುಡ್ಡದ ನೆತ್ತಿಯಲ್ಲಿರುವ ಬಜ್ಪೆಯ ವಿಮಾನ ನಿಲ್ದಾಣಕ್ಕೆ 2010ರ ಅಪಘಾತದ ಸುದ್ದಿಗಳಲ್ಲಿ ‘ಟೇಬಲ್‌ಟಾಪ್’ ಎಂದು ಬರೆದೂ ಬರೆದೂ ಆ ಪದ ಎಲ್ಲರಿಗೂ ಬಾಯಿಪಾಠವಾಯಿತು. ನಮ್ಮ ‘ಪದವು’ ಎದುರಿಗೇ ಇತ್ತು.

ಮೊದಲಿನವರು ಮತ್ತೆ: ‘ಪದವು’ ನನ್ನ ಪಟ್ಟಿಗೂ ಸೇರಿತು, ಉಪಕಾರ. ಉಳಿದದ್ದು ಬೇಗ ಹೇಳುತ್ತೇನೆ. ಟೈರು ಚಪ್ಪಟೆಯಾಗುವುದಿಲ್ಲ, ಗಾಳಿ ಇಳಿಯುತ್ತದೆ. ಸೋಡಾದಲ್ಲಿ ಗ್ಯಾಸು ಹೋಗಿ ಸಪ್ಪಗಾಗುತ್ತದೆ. ಬ್ಯಾಟರಿಯೂ ಇಳಿಯುತ್ತದೆ. ಹಾಡುವವರು ‘ಫ್ಲಾಟ್’ ಆದರೆ ಶ್ರುತಿ ಇಳಿಯಿತು ಎನ್ನಿ. ಸ್ವರದ ಹೆಸರಾದರೆ ಹಿಂದೂಸ್ತಾನಿಯಲ್ಲಿ ಕೋಮಲ. ಅಲ್ಲಿ ‘ಸಪಾಟ್ ತಾನ್’ ಕೂಡ ಇದೆ, ಅದು ನೇರವಾಗಿ ಏರಿ ಇಳಿಯುವ ತಾನ, ಅಂದರೆ ಸ್ವರಗಳ ವೇಗದ ಓಟ. ಕೋಮಲಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಫ್ಲಾಟ್ ಆಗಿ ನಿರಾಕರಿಸಿದರು’ ಎಂಬಲ್ಲಿ ‘ಸುತರಾಂ ಒಪ್ಪಲಿಲ್ಲ’.

ಅಪಾರ್ಟ್‌ಮೆಂಟಿನ ಫ್ಲಾಟನ್ನು ಫ್ಲಾಟೆಂದೇ ಬಿಡಿ. ಅದರ ಬೇರು ಮನೆಯ ನೆಲ, ಅಂತಸ್ತು ಎಂಬ ಅರ್ಥದ ಹಳೆಯ ‘ಫ್ಲೆಟ್’.